ಉರುಮೆಯ ನಾಡಿನಲ್ಲಿ ಕುಳಿತು ಕೇಳಿದ ‘ರೂಟ್ಸ್’

ಚಳ್ಳಕೆರೆಯಿಂದ ತಳಕು, ಬಿ.ಜಿ. ಕೆರೆ, ಹಾನಗಲ್ ದಾಟಿ ಮೊಳಕಾಲ್ಮುರಿಗೆ ಹೋಗುವ ಹಾದಿಯಲ್ಲಿ ಜಾತ್ರೆಯ ದಿನಗಳಲ್ಲಿ ನೀವು ಪಯಣಿಸಿದ್ದರೆ, ಉರುಮೆಯ ಧ್ವನಿ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ನಡು ಸಣ್ಣಗಾದ ಆ ಚರ್ಮವಾದ್ಯದ ಒಂದು ಮುಖವನ್ನು ಕೋಲಿನಿಂದ ಬಡಿಯುತ್ತಾರೆ. ಇನ್ನೊಂದು ಮುಖವನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಬಡಿತದಿಂದ ತಾಳ ಹುಟ್ಟುತ್ತದೆ, ಉಜ್ಜುವಿಕೆಯಿಂದ ಗುರುಗುಟ್ಟುವ, ನರಳುವ, ಕೆಲವೊಮ್ಮೆ ಗದರಿಸುವ ಒಂದು ನಾದ ಹುಟ್ಟುತ್ತದೆ. ಇಂಪು ಎಂಬ ಮಾತಿನ ಸಾಮಾನ್ಯ ಅರ್ಥಕ್ಕೆ ಅದು ಒಗ್ಗುವುದಿಲ್ಲ. ಆದರೆ ಅದನ್ನು ಕೇಳಿ ಬೆಳೆದವರಿಗೆ ಆ ನಾದವಿಲ್ಲದ ಉತ್ಸವ ಉತ್ಸವವೇ ಅಲ್ಲ.

ಇದೇ ಊರುಗಳ ಮನೆಗಳಲ್ಲಿ ಈಗ ಇನ್ನೊಂದು ಬಗೆಯ ಗುರುಗುಟ್ಟುವಿಕೆ ಕೇಳಿಬರುತ್ತಿದೆ. ಬೆಂಗಳೂರಿನಲ್ಲಿಯೋ ದಾವಣಗೆರೆಯಲ್ಲಿಯೋ ಓದುವ ಮಕ್ಕಳು ರಜೆಗೆ ಬಂದಾಗ ಅವರ ಮೊಬೈಲಿನಿಂದ ಹೊಮ್ಮುವ ‘ಮೆಟಲ್’ ಸಂಗೀತ ಅದು. ಕಿವಿಗಡಚಿಕ್ಕುವ ಗಿಟಾರು, ಅರಚುವ ಕಂಠ, ಕಪ್ಪು ಬಟ್ಟೆಯ ಚಿತ್ರಗಳು. ತಂದೆತಾಯಂದಿರು ಗಾಬರಿಯಾಗುವುದು ಸಹಜ. “ಇದೂ ಒಂದು ಸಂಗೀತವೇ?” ಎಂಬ ಪ್ರಶ್ನೆ ನಮ್ಮ ಅನೇಕ ಕುಟುಂಬಗಳಲ್ಲಿ ಎದ್ದಿದೆ. ಆ ಪ್ರಶ್ನೆಗೆ ಒಟ್ಟಾರೆಯಾಗಿ ಉತ್ತರ ಕೊಡುವುದಕ್ಕಿಂತ ಆ ಪ್ರಕಾರದ ಒಂದೇ ಒಂದು ಕೃತಿಯನ್ನು ಎತ್ತಿಕೊಂಡು ತಾಳ್ಮೆಯಿಂದ ಪರಿಶೀಲಿಸುವುದು ಒಳಿತು. ಇದಕ್ಕಾಗಿ ಬ್ರೆಜಿಲ್ ದೇಶದ ‘ಸೆಪುಲ್ತುರಾ’ ತಂಡವು 1996ರ ಫೆಬ್ರುವರಿಯಲ್ಲಿ ಹೊರತಂದ ‘ರೂಟ್ಸ್’ ಎಂಬ ಧ್ವನಿಮುದ್ರಿಕೆಯನ್ನು ಆರಿಸಿಕೊಂಡಿದ್ದೇನೆ. ಹೆಸರೇ ಹೇಳುವಂತೆ ಅದು ಬೇರುಗಳನ್ನು ಕುರಿತದ್ದು. ಬೇರುಗಳ ಮಾತು ಬಂದಾಗ ಚಳ್ಳಕೆರೆ-ಮೊಳಕಾಲ್ಮುರು ಸೀಮೆಗೂ ಹೇಳುವುದು ಬಹಳಷ್ಟಿದೆ.

ತಂಡ ಮತ್ತು ಅದರ ಹೆಸರು

ಮೊದಲು ಪೋಷಕರ ಆತಂಕಕ್ಕೆ ಪ್ರಾಮಾಣಿಕವಾದ ಉತ್ತರ. ‘ಸೆಪುಲ್ತುರಾ’ ಎಂದರೆ ಪೋರ್ಚುಗೀಸ್ ಭಾಷೆಯಲ್ಲಿ ಸಮಾಧಿ. 1984ರಲ್ಲಿ ಬೆಲೊ ಹೊರಿಜೊಂಟೆ ನಗರದಲ್ಲಿ ಮಾಕ್ಸ್ ಮತ್ತು ಈಗೋರ್ ಕವಲೇರಾ ಎಂಬ ಸಹೋದರರು ಇನ್ನೂ ಹದಿಹರೆಯದಲ್ಲಿದ್ದಾಗ ಕಟ್ಟಿದ ತಂಡವಿದು. 1985-86ರ ಅವರ ಮೊದಲ ಮುದ್ರಿಕೆಗಳಲ್ಲಿ ಕ್ರೈಸ್ತ ವಿಶ್ವಾಸವನ್ನು ಕೆಣಕುವ, ಸೈತಾನನ ಹೆಸರನ್ನು ಆಡಂಬರಕ್ಕೆ ಬಳಸುವ ಚಿತ್ರಗಳೂ ಮಾತುಗಳೂ ಇದ್ದವು. ಅವು ಆ ಕಾಲದ ಅಂತಹ ತಂಡಗಳಲ್ಲಿ ಸಾಮಾನ್ಯವಾಗಿದ್ದ ಎರವಲು ಸರಕು. ಅವನ್ನು ಸಮರ್ಥಿಸಬೇಕಾದ ಅಗತ್ಯವಿಲ್ಲ. ಆದರೆ ವಯಸ್ಸು ಮಾಗಿದಂತೆ ಅವರ ಸಿಟ್ಟಿಗೆ ನಿಜವಾದ ವಿಷಯಗಳು ದೊರೆತವು: 1964ರಿಂದ 1985ರವರೆಗೆ ಬ್ರೆಜಿಲನ್ನು ಆಳಿದ ಸೈನಿಕ ಸರ್ವಾಧಿಕಾರ, ಕೊಳೆಗೇರಿಗಳು, ಪೊಲೀಸರ ಹಿಂಸೆ, ಕಾಡಿನ ಜನರ ನೆಲದ ಕಬಳಿಕೆ. 1993ರ ‘ಕೇಯಾಸ್ ಎ.ಡಿ.’ ಎಂಬ ಮುದ್ರಿಕೆಯಲ್ಲಿ, ತಮ್ಮ ನೆಲದಿಂದ ಹೊರದೂಡಲ್ಪಡುತ್ತಿದ್ದ ಕಾಯೊವಾ ಬುಡಕಟ್ಟಿನವರ ಸಂಕಟವನ್ನು ನೆನೆದು ಮಾತಿಲ್ಲದ ಒಂದು ವಾದ್ಯರಚನೆಯನ್ನೇ ಅವರು ಮಾಡಿದರು. ‘ರೂಟ್ಸ್’ ಅಲ್ಲಿಂದ ಮುಂದಿನ ಹೆಜ್ಜೆ.

ಏನಿದೆ ಇದರಲ್ಲಿ?

ಸುಮಾರು 72 ನಿಮಿಷಗಳ ಈ ಮುದ್ರಿಕೆಯ ಬಹುಭಾಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ರಾಸ್ ರಾಬಿನ್ಸನ್ ಎಂಬ ನಿರ್ಮಾಪಕರ ಉಸ್ತುವಾರಿಯಲ್ಲಿ ಸಿದ್ಧವಾಯಿತು. ಮಾಕ್ಸ್ ನುಡಿಸುವ ಗಿಟಾರಿನಲ್ಲಿ ಆರು ತಂತಿಗಳ ಬದಲು ನಾಲ್ಕೇ ದಪ್ಪ ತಂತಿಗಳು. ಅವನ್ನೂ ಸಾಮಾನ್ಯಕ್ಕಿಂತ ಬಹಳ ಕೆಳಗಿನ ಶ್ರುತಿಗೆ ಇಳಿಸಲಾಗಿದೆ. ಆಗ ಗಿಟಾರು ರಾಗ ನುಡಿಸುವುದನ್ನು ಬಿಟ್ಟು ಚರ್ಮವಾದ್ಯದಂತೆ ವರ್ತಿಸಲು ತೊಡಗುತ್ತದೆ. ಈ ಮುದ್ರಿಕೆಯ ಗುಟ್ಟು ಇರುವುದೇ ಇಲ್ಲಿ. ಗಿಟಾರು ಮತ್ತು ಮದ್ದಳೆಗಳ ನಡುವಿನ ಅಂತರ ಕಡಿಮೆಯಾದುದರಿಂದ ಎರಡೂ ಒಂದೇ ಬಡಿತದಲ್ಲಿ ಕೂಡಿಕೊಳ್ಳಲು ಸಾಧ್ಯವಾಗಿದೆ.

ಬಹೀಯಾ ಪ್ರಾಂತ್ಯದ ಸಾಲ್ವಡೋರ್ ನಗರದ ಪ್ರಸಿದ್ಧ ತಾಳವಾದ್ಯಗಾರ ಕಾರ್ಲಿನ್ಯೋಸ್ ಬ್ರೌನ್ ಇಲ್ಲಿ ತಂಡದೊಡನೆ ಸೇರಿದ್ದಾರೆ. ‘ರಾಟಮಹಾಟಾ’ ಎಂಬ ಪೋರ್ಚುಗೀಸ್ ಹಾಡು ಅವರ ಜೊತೆಗೂಡಿ ಕಟ್ಟಿದ್ದು. ಅದರಲ್ಲಿ ಜುಂಬಿಯ ಹೆಸರು ಬರುತ್ತದೆ. ಆಫ್ರಿಕಾದಿಂದ ತರಲ್ಪಟ್ಟ ಗುಲಾಮರು ತಪ್ಪಿಸಿಕೊಂಡು ಹೋಗಿ ಕಟ್ಟಿಕೊಂಡ ಪಾಲ್ಮಾರೆಸ್ ಎಂಬ ಸ್ವತಂತ್ರ ನೆಲೆಯ ನಾಯಕ ಈ ಜುಂಬಿ. 1695ರಲ್ಲಿ ವಸಾಹತು ಸೈನ್ಯದವರಿಂದ ಹತನಾದ. ‘ಆಂಬುಷ್’ ಎಂಬ ಹಾಡು ಷೀಕೊ ಮೆಂಡೆಸ್ ಅವರನ್ನು ಕುರಿತದ್ದು. ಅಮೆಜಾನ್ ಕಾಡಿನಲ್ಲಿ ರಬ್ಬರ್ ಹಾಲು ತೆಗೆಯುವ ಕಾರ್ಮಿಕರನ್ನು ಸಂಘಟಿಸಿದ ಅವರನ್ನು 1988ರ ಡಿಸೆಂಬರ್ 22ರಂದು ಅವರ ಮನೆಯಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ‘ಆಟಿಟ್ಯೂಡ್’ ಎಂಬ ಹಾಡು ಆರಂಭವಾಗುವುದು ಬೆರಿಂಬಾವ್ ಎಂಬ ವಾದ್ಯದಿಂದ. ಬಿಲ್ಲಿಗೆ ಒಂದೇ ತಂತಿ ಬಿಗಿದು ಸೋರೆಬುರುಡೆ ಕಟ್ಟಿದ ವಾದ್ಯವದು. ನಮ್ಮ ಏಕತಾರಿಯ ದೂರದ ನೆಂಟ ಎನ್ನಬಹುದು.

ಈ ಎಲ್ಲದರ ನಡುವೆ ‘ಇಟ್ಸಾರಿ’ ಎಂಬ ಒಂದು ತುಣುಕಿದೆ. ಷವಾಂಟೆ ಬುಡಕಟ್ಟಿನ ಭಾಷೆಯಲ್ಲಿ ಇಟ್ಸಾರಿ ಎಂದರೆ ಬೇರು. ಇದಕ್ಕಾಗಿ ತಂಡದವರು 1995ರ ನವೆಂಬರ್ ತಿಂಗಳಿನಲ್ಲಿ ಮಾಟೊ ಗ್ರೊಸೊ ಪ್ರಾಂತ್ಯದ ಪಿಮೆಂಟೆಲ್ ಬಾರ್ಬೋಸಾ ಎಂಬ ಷವಾಂಟೆ ಹಳ್ಳಿಗೆ ಹೋದರು. ಅಲ್ಲಿನವರೊಡನೆ ಇದ್ದು, ಅವರಂತೆಯೇ ಮೈಗೆ ಬಣ್ಣ ಬಳಿಸಿಕೊಂಡು, ಅವರ ಗುಣಪಡಿಸುವ ವಿಧಿಯ ಹಾಡನ್ನು ಧ್ವನಿಮುದ್ರಿಸಿಕೊಂಡರು. ಮುದ್ರಿಕೆಯ ಹೊದಿಕೆಯಲ್ಲಿ ಷವಾಂಟೆಯರ ಹೆಸರು ಸ್ಪಷ್ಟವಾಗಿದೆ.

ನೇಯ್ದ ಅಂಚು, ಹೊಲಿದ ಅಂಚು

ಮೊಳಕಾಲ್ಮುರಿನ ನೇಕಾರರನ್ನು ಕೇಳಿದರೆ ಅವರು ಒಂದು ಮಾತು ಹೇಳುತ್ತಾರೆ: ಮಗ್ಗದ ಮೇಲೆ ಒಡಲಿನೊಂದಿಗೇ ನೇಯ್ದ ಅಂಚು ಬೇರೆ, ಆಮೇಲೆ ತಂದು ಹೊಲಿದ ಅಂಚು ಬೇರೆ. ನೇಯ್ದ ಅಂಚಿನಲ್ಲಿ ಎಳೆಗೆ ಎಳೆ ಸಿಕ್ಕಿಕೊಂಡಿರುತ್ತದೆ. ಹೊಲಿದ ಅಂಚು ದೂರದಿಂದ ಚೆಂದ ಕಂಡರೂ ಎಳೆದರೆ ಬಿಚ್ಚಿಬರುತ್ತದೆ. ಎರಡು ಸಂಗೀತಗಳನ್ನು ಕೂಡಿಸುವ ಯಾವುದೇ ಪ್ರಯತ್ನವನ್ನು ಈ ಅಳತೆಗೋಲಿನಿಂದ ನೋಡಬಹುದು.

‘ರಾಟಮಹಾಟಾ’ ನೇಯ್ದ ಅಂಚು. ಅಲ್ಲಿ ಬ್ರೌನ್ ಅವರ ತಾಳವೇ ಹಾಡಿನ ಹಾಸು, ಗಿಟಾರು ಹೊಕ್ಕು. ಒಂದನ್ನು ತೆಗೆದರೆ ಇನ್ನೊಂದು ನಿಲ್ಲದು. ಮುದ್ರಿಕೆಗೆ ಹೆಸರು ಕೊಟ್ಟ ಮೊದಲ ಹಾಡೂ ತನ್ನ ಸರಳತೆಯಿಂದಲೇ ಗೆಲ್ಲುತ್ತದೆ. ಆದರೆ ಮುದ್ರಿಕೆಯ ನಡುಭಾಗದ ಹಲವು ಹಾಡುಗಳಲ್ಲಿ ತಾಳವಾದ್ಯಗಳು ಆರಂಭದಲ್ಲಿ ಬಂದು ಮುಖ ತೋರಿಸಿ, ಗಿಟಾರು ಬಂದೊಡನೆ ಹಿಂದಕ್ಕೆ ಸರಿಯುತ್ತವೆ. ಅವನ್ನು ಕಿತ್ತುಹಾಕಿದರೂ ಹಾಡಿಗೆ ಏನೂ ಆಗುವುದಿಲ್ಲ. ಹಾಗೆ ಆಗುವಲ್ಲಿ ಬೇರು ಎಂಬುದು ಅಲಂಕಾರವಾಗಿ ಉಳಿಯುತ್ತದೆ. 72 ನಿಮಿಷಗಳ ಉದ್ದವೂ ಒಂದು ದೋಷವೇ. ಒಂದೇ ಎತ್ತರದ ಕೂಗು ಅಷ್ಟು ಹೊತ್ತು ಮುಂದುವರಿದಾಗ ಕಿವಿ ಸಿಟ್ಟನ್ನು ಸಿಟ್ಟೆಂದು ಗುರುತಿಸುವುದನ್ನೇ ಬಿಟ್ಟುಬಿಡುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರವಾದುದು. ಈ ಮುದ್ರಿಕೆಯನ್ನು ಕುರಿತು ಬರೆದವರೆಲ್ಲರೂ ‘ಬ್ರೆಜಿಲಿನ ಬುಡಕಟ್ಟು ತಾಳಗಳು’ ಎಂಬ ಮಾತನ್ನು ಸಲೀಸಾಗಿ ಬಳಸುತ್ತಾರೆ. ಆದರೆ ಇಲ್ಲಿ ಕೇಳಿಬರುವ ಮದ್ದಳೆಗಳ ಬಹುಪಾಲು ಬಹೀಯಾದ್ದು. ಎಂದರೆ ಹಡಗಿನಲ್ಲಿ ತುಂಬಿ ತರಲ್ಪಟ್ಟ ಆಫ್ರಿಕಾದ ಜನರ ಮೊಮ್ಮಕ್ಕಳದ್ದು. ಷವಾಂಟೆಯರ ಹಾಡಿಕೆಯಲ್ಲಿ ಮುಖ್ಯವಾದುದು ಕೊರಳು, ವೃತ್ತಾಕಾರದ ಕುಣಿತ, ನೆಲಕ್ಕೆ ಬೀಳುವ ಹೆಜ್ಜೆ. ಒಬ್ಬರದು ನೆಲದಿಂದ ಕಿತ್ತು ತರಲ್ಪಟ್ಟವರ ಚರಿತ್ರೆ, ಇನ್ನೊಬ್ಬರದು ನಿಂತ ನೆಲವನ್ನೇ ಕಳೆದುಕೊಂಡವರ ಚರಿತ್ರೆ. ಇವೆರಡನ್ನೂ ‘ಬುಡಕಟ್ಟು’ ಎಂಬ ಒಂದೇ ಚೀಲಕ್ಕೆ ಹಾಕುವುದು ಸರಿಯಲ್ಲ. ನಮ್ಮ ಕಡೆಯಿಂದಲೇ ಉದಾಹರಣೆ ಕೊಡಬಹುದು. ಮ್ಯಾಸಬೇಡರ ಹಟ್ಟಿಯ ಉರುಮೆಯನ್ನೂ ಕಾಡುಗೊಲ್ಲರ ಜುಂಜಪ್ಪನ ಗಣೆಯನ್ನೂ ಒಟ್ಟಿಗೆ ಧ್ವನಿಮುದ್ರಿಸಿ ‘ಚಿತ್ರದುರ್ಗದ ಬುಡಕಟ್ಟು ಸಂಗೀತ’ ಎಂದು ಒಂದೇ ಚೀಟಿ ಅಂಟಿಸಿದರೆ ಇಬ್ಬರೂ ಒಪ್ಪುವುದಿಲ್ಲ. ಮ್ಯಾಸಬೇಡರಲ್ಲಿ ಅನೇಕರ ಮನೆಮಾತು ತೆಲುಗು. ಅವರ ವೀರ ಗಾದ್ರಿಪಾಲನಾಯಕ. ಕಾಡುಗೊಲ್ಲರ ಹಾಡು ಕನ್ನಡದ್ದು. ಅವರ ವೀರ ಜುಂಜಪ್ಪ. ಉದ್ದನೆಯ ಬಿದಿರಿನ ಗಣೆಯನ್ನು ನುಡಿಸುತ್ತ, ನಡುನಡುವೆ ನಿಲ್ಲಿಸಿ ಅವನ ಕತೆ ಹಾಡುತ್ತಾರೆ. ದನಗಾಹಿ ಬದುಕು ಇಬ್ಬರಿಗೂ ಸಮಾನ. ದೇವರ ಎತ್ತುಗಳ ಮೇಲಿನ ಭಕ್ತಿಯೂ ಸಮಾನ. ಆದರೂ ಒಂದರಂತೆ ಇನ್ನೊಂದಿಲ್ಲ.

ಇಟ್ಸಾರಿಯ ನಾಲ್ಕೂ ಚಿಲ್ಲರೆ ನಿಮಿಷ

ಈ ಎಲ್ಲ ಆಕ್ಷೇಪಗಳ ನಂತರವೂ ‘ಇಟ್ಸಾರಿ’ ಮನಸ್ಸಿನಲ್ಲಿ ಉಳಿಯುತ್ತದೆ. ಅಲ್ಲಿ ಅರಚಾಟವಿಲ್ಲ, ವಿದ್ಯುತ್ ಗಿಟಾರಿನ ಅಬ್ಬರವಿಲ್ಲ. ಷವಾಂಟೆಯರು ಹಾಡುತ್ತಾರೆ, ಸರಳವಾದ ಗಿಟಾರು ಅವರ ಬದಿಯಲ್ಲಿ ನಡೆಯುತ್ತದೆ. ಅತ್ಯಂತ ದೊಡ್ಡ ಸದ್ದು ಮಾಡಬಲ್ಲ ತಂಡವೊಂದು ಇನ್ನೊಬ್ಬರ ಮನೆಯಂಗಳದಲ್ಲಿ ತನ್ನ ಸದ್ದನ್ನು ತಗ್ಗಿಸಿ ಕುಳಿತಿದೆ. ಅತಿಥಿಗೆ ಇರಬೇಕಾದ ನಡತೆ ಅದು. ಧ್ವನಿಯನ್ನು ದೂರದಿಂದ ಕದ್ದು ತಂದು ತನ್ನ ಹಾಡಿಗೆ ಅಂಟಿಸಿಕೊಳ್ಳುವುದು ಸಂಗೀತದ ವ್ಯಾಪಾರದಲ್ಲಿ ಬಹಳ ಸುಲಭ. ಇವರು ಬಾಗಿಲಿಗೆ ಹೋದರು, ಕೇಳಿದರು, ಕುಳಿತರು, ಹೆಸರು ಹಾಕಿದರು. ಭೇಟಿ ಕೆಲವೇ ದಿನಗಳದ್ದು ಎಂಬುದು ನಿಜ. ಕೆಲವು ದಿನಗಳಲ್ಲಿ ಒಂದು ಜನಾಂಗ ಅರ್ಥವಾಗುವುದಿಲ್ಲ ಎಂಬುದೂ ನಿಜ. ಆದರೂ ಹೋಗದೆ ಇರುವುದಕ್ಕೂ ಹೋಗುವುದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ಹಾಡಿನ ಕೆಳಗಿನ ನೆಲ

ಬೇರು ಎಂದ ಮೇಲೆ ಮಣ್ಣಿನ ಮಾತು ಬರಲೇಬೇಕು. ಅದೇ ಷವಾಂಟೆಯರ ಇನ್ನೊಂದು ಗುಂಪಿನ ಕತೆ ನಮ್ಮ ಓದುಗರಿಗೆ ತಿಳಿದಿರಬೇಕು. 1966ರಲ್ಲಿ ಮರಾಯಿವಾತ್ಸೆದೆ ಎಂಬ ನೆಲದಲ್ಲಿದ್ದ ಷವಾಂಟೆಯರನ್ನು ವಾಯುಪಡೆಯ ವಿಮಾನಗಳಲ್ಲಿ ತುಂಬಿ, ನೂರಾರು ಕಿಲೋಮೀಟರ್ ದೂರದ ಸಾಂವ್ ಮಾರ್ಕೋಸ್ ಎಂಬ ಸಲೇಸಿಯನ್ ಮಿಷನ್ನಿಗೆ ಸಾಗಿಸಲಾಯಿತು. ಅಲ್ಲಿ ದಡಾರದಿಂದ ಅವರಲ್ಲಿ ಅನೇಕರು ಪ್ರಾಣ ಬಿಟ್ಟರು. ಅವರ ನೆಲ ದೊಡ್ಡ ಜಾನುವಾರು ಸಂಸ್ಥೆಯ ಪಾಲಾಯಿತು. ಉಳಿದವರೂ ಅವರ ಮಕ್ಕಳೂ ದಶಕಗಳ ಕಾಲ ಹೋರಾಡಿದರು. ಆ ಭಾಗದ ಸಾಂವ್ ಫೆಲಿಕ್ಸ್ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಾಗಿದ್ದ ಪೇದ್ರೊ ಕಸಲ್ದಾಲಿಗ ಅವರ ಪಕ್ಷದಲ್ಲಿ ಗಟ್ಟಿಯಾಗಿ ನಿಂತರು. 2012ರ ಕೊನೆಯಲ್ಲಿ ನ್ಯಾಯಾಲಯದ ಆದೇಶದಂತೆ ಅತಿಕ್ರಮಣದಾರರ ತೆರವು ಆರಂಭವಾದಾಗ, 84 ವರ್ಷದ ಆ ನಿವೃತ್ತ ಧರ್ಮಾಧ್ಯಕ್ಷರಿಗೆ ಕೊಲೆ ಬೆದರಿಕೆ ಬಂದು ಅವರು ಮನೆ ತೊರೆಯಬೇಕಾಯಿತು. 2020ರಲ್ಲಿ ಅವರು ತೀರಿಕೊಂಡರು. ಮಿಷನ್ ಆಶ್ರಯವಾದ ಕತೆಯೂ, ಆ ಆಶ್ರಯದಲ್ಲಿಯೇ ಜನ ಸತ್ತ ಕತೆಯೂ, ಧರ್ಮಾಧ್ಯಕ್ಷರೊಬ್ಬರು ಪ್ರಾಣವನ್ನು ಒತ್ತೆಯಿಟ್ಟ ಕತೆಯೂ ಒಂದೇ ಜನಾಂಗದ ನೆನಪಿನಲ್ಲಿ ಸೇರಿಕೊಂಡಿವೆ. ‘ರೂಟ್ಸ್’ ಮುದ್ರಿಕೆಯ ಸಿಟ್ಟು ಎಲ್ಲಿಂದ ಬಂತು ಎಂಬುದು ಇದನ್ನು ತಿಳಿದ ಮೇಲೆ ಅರ್ಥವಾಗುತ್ತದೆ.

ಚಳ್ಳಕೆರೆ ತಾಲ್ಲೂಕಿನವರಿಗೆ ನೆಲದ ಮಾತು ಹೊಸದಲ್ಲ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆಂದು ಕಾಯ್ದಿಟ್ಟ ಹುಲ್ಲುಗಾವಲುಗಳು ಇಲ್ಲಿನ ಕಾವಲುಗಳು. 2009ರ ನಂತರ ಅವುಗಳಲ್ಲಿ ಸುಮಾರು 10,000 ಎಕರೆಯಷ್ಟು ಭೂಮಿಯನ್ನು ರಕ್ಷಣೆ, ಬಾಹ್ಯಾಕಾಶ, ಅಣುವಿಜ್ಞಾನ ಮತ್ತು ಉನ್ನತ ಶಿಕ್ಷಣದ ಸಂಸ್ಥೆಗಳಿಗೆ ನೀಡಲಾಯಿತು. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಯ 1,500 ಎಕರೆಯ ಆವರಣವೂ ಇದರಲ್ಲಿ ಸೇರಿದೆ. ದೇಶಕ್ಕೆ ವಿಜ್ಞಾನ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕುರಿದನಗಳ ಮೇವನ್ನೂ ಕಂಬಳಿಯ ಉಣ್ಣೆಯನ್ನೂ ಆ ಬಯಲಿನಿಂದಲೇ ಪಡೆಯುತ್ತಿದ್ದ ಹಳ್ಳಿಗರು ತಮ್ಮನ್ನು ಯಾರೂ ಕೇಳಲಿಲ್ಲ ಎಂದು ನೊಂದರು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇವರ ಎತ್ತುಗಳು ಮೇಯಲು ಬಯಲಿಲ್ಲದಿದ್ದರೆ ಅವುಗಳನ್ನು ಕಾಯುವ ಕಿಲಾರಿ ಇರುವುದಿಲ್ಲ; ಕಿಲಾರಿ ಇಲ್ಲದಿದ್ದರೆ ಆ ಎತ್ತುಗಳ ಮುಂದೆ ನುಡಿಯುವ ಉರುಮೆಗೂ ಕಾರಣವಿರುವುದಿಲ್ಲ. ವಾದ್ಯವನ್ನು ವಸ್ತುಸಂಗ್ರಹಾಲಯದಲ್ಲಿ ಉಳಿಸಬಹುದು. ಅದನ್ನು ನುಡಿಸಬೇಕಾದ ಸಂದರ್ಭವನ್ನು ಹಾಗೆ ಉಳಿಸಲಾಗದು.

ಕೆಳಗಿಟ್ಟ ತಮಟೆ

ಇನ್ನು ಹೇಳಲು ಸ್ವಲ್ಪ ಕಷ್ಟವಾದ ಮಾತು. ಬಹೀಯಾದ ಮದ್ದಳೆಯನ್ನು ನುಡಿಸಿದವರು ಗುಲಾಮರು. ಒಂದು ಕಾಲಕ್ಕೆ ಆ ಸದ್ದನ್ನೇ ಕೀಳೆಂದು ಭಾವಿಸಲಾಗುತ್ತಿತ್ತು. ನಮ್ಮಲ್ಲಿಯೂ ತಮಟೆ, ಉರುಮೆಗಳನ್ನು ನುಡಿಸುವ ಕೆಲಸವನ್ನು ಬಹಳ ಕಡೆ ದಲಿತ ಕುಟುಂಬಗಳ ಮೇಲೆ ಹೊರಿಸಲಾಗಿತ್ತು. ಹಬ್ಬಕ್ಕೂ ಸಾವಿಗೂ ಅವರೇ ಬಡಿಯಬೇಕು. ಬಡಿದವರು ಅಂಗಳದಾಚೆ ನಿಲ್ಲಬೇಕು. ಅದು ಕಲೆಯೆಂದು ಯಾರೂ ಹೇಳುತ್ತಿರಲಿಲ್ಲ; ಕರ್ತವ್ಯವೆಂದು ಹೇರುತ್ತಿದ್ದರು. ಇಂಥ ಹಿನ್ನೆಲೆಯಿಂದ ಬಂದ ಎಷ್ಟೋ ಕುಟುಂಬಗಳು, ಕ್ರೈಸ್ತ ಕುಟುಂಬಗಳೂ ಸೇರಿದಂತೆ, ತಮಟೆಯನ್ನು ಕೆಳಗಿಟ್ಟದ್ದು ಸ್ವಾಭಿಮಾನದಿಂದ. ಅವರನ್ನು ನಮ್ಮಲ್ಲಿ ಯಾರೂ ಟೀಕಿಸಲಾಗದು. ‘ಬೇರಿಗೆ ಮರಳಿ’ ಎಂದು ಅವರಿಗೆ ಉಪದೇಶಿಸುವ ಅಧಿಕಾರವೂ ಇತರರಿಗಿಲ್ಲ. ಬೇರಿನೊಂದಿಗೆ ಸಂಕೋಲೆಯೂ ಸುತ್ತಿಕೊಂಡಿರಬಹುದು ಎಂಬುದನ್ನು ‘ರೂಟ್ಸ್’ ಎಂಬ ಮುದ್ರಿಕೆ ಎಲ್ಲಿಯೂ ಯೋಚಿಸುವುದಿಲ್ಲ. ಅದರ ದೊಡ್ಡ ಕೊರತೆ ಇದೇ ಎಂದು ನನಗೆ ತೋರುತ್ತದೆ.

ಆದರೆ 1970ರ ದಶಕದಲ್ಲಿ ಕರ್ನಾಟಕದ ದಲಿತ ಚಳವಳಿಯು ಅದೇ ತಮಟೆಯನ್ನು ಬೀದಿಗೆ ತಂದು, ಹೋರಾಟದ ಹಾಡುಗಳ ತಾಳವಾಗಿಸಿತು. ಬಡಿಯುವವರು ತಾವಾಗಿಯೇ ಆರಿಸಿಕೊಂಡಾಗ ಆ ವಾದ್ಯದ ಅರ್ಥ ಬದಲಾಯಿತು. ವಾದ್ಯ ಅದೇ, ಚರ್ಮ ಅದೇ. ಎತ್ತಿಕೊಂಡ ಕೈಯ ಸ್ಥಿತಿ ಬೇರೆ. ಬಹೀಯಾದಲ್ಲಿಯೂ ಆದದ್ದು ಹೀಗೆಯೇ.

ನಮ್ಮ ದೇವಾಲಯಗಳ ಗಾಯನ ವೃಂದಗಳಲ್ಲಿ ಇಂದು ಬಹುಮಟ್ಟಿಗೆ ಕೀಬೋರ್ಡಿನ ಗುಂಡಿಯೊತ್ತಿದರೆ ಬರುವ ಸಿದ್ಧತಾಳವೇ ಕೇಳಿಸುತ್ತದೆ. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನಾ ವಿಧಿಯನ್ನು ಕುರಿತ ತನ್ನ ಸಂವಿಧಾನದಲ್ಲಿ, ಜನರ ಸ್ವಂತ ಸಂಗೀತ ಪರಂಪರೆಗೆ ಯೋಗ್ಯ ಗೌರವ ಸಲ್ಲಬೇಕೆಂದು ಹೇಳಿತು. ಕೀರ್ತನೆಗಳ ಗ್ರಂಥದ ಕೊನೆಯ ಕೀರ್ತನೆ ದಮ್ಮಡಿಯನ್ನೂ ಕುಣಿತವನ್ನೂ ತಾಳಗಳ ಝಣತ್ಕಾರವನ್ನೂ ದೇವರ ಸ್ತುತಿಗೆ ಕರೆಯುತ್ತದೆ. ಆದ್ದರಿಂದ ಸದ್ದು ಜೋರಾಗಿದೆ ಎಂಬ ಕಾರಣಕ್ಕೆ ಒಂದು ಸಂಗೀತವನ್ನು ತಳ್ಳಿಹಾಕಲಾಗದು. ಯಾರ ಸದ್ದು, ಯಾರ ಒಪ್ಪಿಗೆಯಿಂದ, ಯಾರ ಹೆಸರಿನಲ್ಲಿ ಎಂದು ಕೇಳಬೇಕು.

ಹೆಸರು ಉಳಿಸಿದ ಒಂದು ಕೆಲಸ

ಹಾಗೆ ಕೇಳಿ ಮಾಡಿದ ಕೆಲಸಕ್ಕೆ ಉದಾಹರಣೆ ಚಳ್ಳಕೆರೆ ತಾಲ್ಲೂಕಿನಲ್ಲಿಯೇ ಇದೆ. ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಓದುಬರಹ ಕಲಿತವರಲ್ಲ; ಆದರೆ ಸಾವಿರಾರು ಹಾಡುಗಳು ಅವರ ನೆನಪಿನಲ್ಲಿದ್ದವು. ಕೃಷ್ಣಮೂರ್ತಿ ಹನೂರರು ಅವರ ಬಳಿಗೆ ಹೋಗಿ, ಕೇಳಿ, ಬರೆದುಕೊಂಡು ‘ಸಾವಿರದ ಸಿರಿ ಬೆಳಗು’ ಎಂಬ ಗ್ರಂಥವಾಗಿ ಹೊರತಂದರು. ಪುಸ್ತಕದ ಶೀರ್ಷಿಕೆಯಲ್ಲಿಯೇ ಹಾಡಿದವರ ಹೆಸರಿನ ಬೆಳಕಿದೆ. ಒಂದು ಕಡೆ ಜಗತ್ತಿನಾದ್ಯಂತ ಹೆಸರಾದ ತಂಡ ಕೆಲವು ದಿನ ಷವಾಂಟೆಯರ ಅಂಗಳದಲ್ಲಿ ಕುಳಿತದ್ದು, ಇನ್ನೊಂದು ಕಡೆ ಅಧ್ಯಾಪಕರೊಬ್ಬರು ಹಟ್ಟಿಯ ಅಜ್ಜಿಯೆದುರು ವಿದ್ಯಾರ್ಥಿಯಂತೆ ಕುಳಿತದ್ದು. ಎರಡೂ ಒಂದೇ ಜಾತಿಯ ಕೆಲಸ. ತಾಳ್ಮೆಯ ಪ್ರಮಾಣದಲ್ಲಿ ನಮ್ಮ ಹನೂರರದೇ ಮೇಲು.

‘ರೂಟ್ಸ್’ ಹೊರಬಂದ ವರ್ಷದ ಕೊನೆಯಲ್ಲಿಯೇ ಮಾಕ್ಸ್ ತಂಡವನ್ನು ತೊರೆದರು. 2006ರಲ್ಲಿ ಈಗೋರ್ ಕೂಡ ಹೊರನಡೆದರು. ಉಳಿದವರು ಮುಂದುವರಿಸಿ, 2024ರಲ್ಲಿ ವಿದಾಯದ ಪ್ರವಾಸವನ್ನು ಆರಂಭಿಸಿದರು. ಬೇರುಗಳನ್ನು ಹಾಡಿದ ಅಣ್ಣತಮ್ಮಂದಿರು ತಮ್ಮ ತಂಡದೊಳಗೇ ಬೇರೂರಿ ಉಳಿಯಲಾಗಲಿಲ್ಲ. ಆದರೂ ಆ ಮುದ್ರಿಕೆ ಮೂರು ದಶಕಗಳ ನಂತರವೂ ಹೊಸ ಕೇಳುಗರನ್ನು ಪಡೆಯುತ್ತಿದೆ. ಅವರಲ್ಲಿ ನಿಮ್ಮ ಮಗನೋ ಮಗಳೋ ಇರಬಹುದು.

ಹಾಗಿದ್ದರೆ ನನ್ನ ವಿನಂತಿ ಇಷ್ಟೇ. ‘ನಿಲ್ಲಿಸು’ ಎನ್ನುವ ಮೊದಲು ಅವರ ಪಕ್ಕದಲ್ಲಿ ಕುಳಿತು ‘ಇಟ್ಸಾರಿ’ಯೊಂದನ್ನು ಪೂರ್ತಿ ಕೇಳಿ. ಹಾಡುತ್ತಿರುವವರು ಯಾರು, ಅವರ ಊರು ಯಾವುದು ಎಂದು ಮಕ್ಕಳನ್ನೇ ವಿಚಾರಿಸಿ. ಗೊತ್ತಿಲ್ಲದಿದ್ದರೆ ಅವರೇ ಹುಡುಕಿ ಹೇಳಲಿ. ಬಳಿಕ, ಮುಂದಿನ ಜಾತ್ರೆಯ ಕಾಲಕ್ಕೆ, ಅದೇ ಮಕ್ಕಳನ್ನು ಹತ್ತಿರದ ಹಟ್ಟಿಗೆ ಕರೆದೊಯ್ಯಿರಿ. ಉರುಮೆಯ ಎದುರು ನಿಂತು, ನುಡಿಸುವ ಹಿರಿಯರಿಗೆ ನಮಸ್ಕರಿಸಿ, ಅವರ ಹೆಸರನ್ನು ಕೇಳಿ ತಿಳಿದುಕೊಳ್ಳಲಿ.